ಫ್ಲೆಮಿಶ್ ಅಜ್ಜಿಯ ಆಲೂಗಡ್ಡೆ

ಮೂರನೆಯ ಸಲ ಬಸುರಿಯಾದಾಗ ನನ್ನ ಹೊಟ್ಟೆಯಲ್ಲಿ ನಿಂತ ಊಟ ಒಂದೇ, ಡೆಟ್ರಾಯ್ಟ್‌ನ ಪೂರ್ವಕ್ಕಿದ್ದ, ಬೆಲ್ಜಿಯಂ ಕಡೆಯವರ ಒಂದು ಫ್ಲೆಮಿಶ್ ಹೋಟೆಲಿನದು. ಹೇಳಿದರೆ ಈಗಲೂ ಜನ ನಗುತ್ತಾರೆ. ನಗಲಿ. ಅನ್ನ ಬೇಯುವ ವಾಸನೆಗೇ ಬಾತ್‌ರೂಮಿಗೆ ಓಡುತ್ತಿದ್ದೆ. ಒಗ್ಗರಣೆ ಚಟಪಟ ಅಂದರೆ ಸಾಕು, ಕರುಳು ಕಿತ್ತು ಬರುತ್ತಿತ್ತು. ಹಿಂದಿನ ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಈ ಸಲ ಮೂರು ದಾಟಿತ್ತು, ಆದರೆ ನನ್ನ ತೂಕ ಇಳಿಯುತ್ತಲೇ ಇತ್ತು. ಡಾಕ್ಟರಮ್ಮ, "ಹೊಟ್ಟೆಯಲ್ಲಿ ಏನು ಉಳಿಯುತ್ತೋ ಅದನ್ನು ತಿನ್ನು, ಅದು ಏನೇ ಆಗಿರಲಿ" ಎಂದಿದ್ದರು. ಉಳಿಯಬೇಕಲ್ಲ!

ನಾವಾಗ ರಾಚೆಸ್ಟರ್ ಹಿಲ್ಸ್‌ನಲ್ಲಿದ್ದೆವು. ಇವರಿಗೆ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬ್ರೇಕ್ ಡಿಸೈನ್ ಮಾಡುವ ಕೆಲಸ. ಇವರ ಆಫೀಸಿನವನೊಬ್ಬ, ಅಜ್ಜನ ಕಾಲದಲ್ಲಿ ಬೆಲ್ಜಿಯಂನಿಂದ ಬಂದ ಮನೆತನದವನು, ಒಂದು ಶನಿವಾರ ಮಧ್ಯಾಹ್ನ ನಮ್ಮನ್ನು ಅಲ್ಲಿಗೆ ಕರೆದೊಯ್ದ. ತಗ್ಗು ಸೂರಿನ, ಮರದ ಬೆಂಚುಗಳ ಸಣ್ಣ ಜಾಗ. ಅಡುಗೆಮನೆಯಲ್ಲಿ ಅಜ್ಜಿ, ಕೌಂಟರಿನಲ್ಲಿ ಮಗ, ಬಡಿಸುವುದಕ್ಕೆ ಸೊಸೆ, ಅಷ್ಟೇ ಜನ. ಸುತ್ತಲೂ ಎಲ್ಲರ ಮುಂದೆ ಕಪ್ಪು ಚಿಪ್ಪಿನ ಮೀನಿನ ಪಾತ್ರೆಗಳು, ಬಿಯರಿನಲ್ಲಿ ಬೇಯಿಸಿದ ದನದ ಮಾಂಸ. ನಾವೋ ಮೊಟ್ಟೆಯನ್ನೂ ಮುಟ್ಟದ ಮನೆಯವರು. ಹೊರಗೆಲ್ಲೇ ಹೋದರೂ ಒಪ್ಪಿಸುತ್ತಿದ್ದ ಪಾಠವನ್ನು ಇವರು ಇಲ್ಲೂ ಒಪ್ಪಿಸಿದರು: "ನೋ ಮೀಟ್, ನೋ ಫಿಶ್, ನೋ ಎಗ್." ಸೊಸೆ ಪಾಪ ಒಂದು ಕ್ಷಣ ಯೋಚಿಸಿ ಒಳಗೆ ಹೋದಳು.

ಬಂದದ್ದು ಸ್ಟೂಂಪ್. ಆಲೂಗಡ್ಡೆ, ಕ್ಯಾರೆಟ್ಟು, ಒಂದಿಷ್ಟು ಸೊಪ್ಪು ಬೇಯಿಸಿ ದಪ್ಪಗೆ ಮಸೆದ ಮುದ್ದೆ. ಖಾರವಿಲ್ಲ, ಹುಳಿಯಿಲ್ಲ. ನಾನು ಸುಮ್ಮನೆ ಮರ್ಯಾದೆಗೆಂದು ಒಂದು ತುತ್ತು ಬಾಯಿಗಿಟ್ಟೆ. ಆಮೇಲೆ ಇನ್ನೊಂದು. ತಟ್ಟೆ ಬಳಿದುಹಾಕಿದೆ. ಮನೆಗೆ ಬಂದೆ, ಸಂಜೆಯಾಯಿತು, ವಾಂತಿಯಾಗಲಿಲ್ಲ! ಇವರು ಬಾತ್‌ರೂಮಿನ ಬಾಗಿಲನ್ನೂ ನನ್ನ ಮುಖವನ್ನೂ ನೋಡುತ್ತ ಕೂತಿದ್ದರು.

ಅಲ್ಲಿಂದಾಚೆ ನಮ್ಮದು ಅದೇ ಯಾತ್ರೆ. ಹೊರಗೆ ಮೈನಸ್ ಹತ್ತು ಡಿಗ್ರಿ ಇರಲಿ, ಹಿಮ ಬೀಳಲಿ, ಇವರು ಮೂವತ್ತು ಮೈಲಿ ಡ್ರೈವ್ ಮಾಡಿ ಕರೆದೊಯ್ಯುತ್ತಿದ್ದರು. ಬರುವಾಗ ವಾರದ ಮಧ್ಯಕ್ಕೆಂದು ಡಬ್ಬಿ ತುಂಬಿಸಿಕೊಂಡು ಬರುತ್ತಿದ್ದೆವು. ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ಬಯಕೆ ಅಂದ್ರೆ ಮಗು ಕೇಳೋದು ಕಣೇ, ಇಲ್ಲ ಅನ್ಬಾರ್ದು" ಅನ್ನುತ್ತಿದ್ದಳು. ಇವರೂ ಎರಡು ತಟ್ಟೆ ತರಿಸಿಕೊಂಡು ಚಪ್ಪರಿಸಿ ತಿನ್ನುತ್ತಿದ್ದರು. "ಬೆಲ್ಜಿಯಂ ಅಜ್ಜಿ ಕೈಗುಣ ನೋಡು, ನಿಂಗೆ ಯಾವತ್ತಾದ್ರೂ ಆಲೂಗಡ್ಡೆ ಪಲ್ಯ ಹೀಗೆ ಬಂದಿದ್ಯಾ?" ಅಂತ ರೇಗಿಸುತ್ತಿದ್ದರು. ನಾನು ನಗುತ್ತಿದ್ದೆ. ಅಷ್ಟರಮಟ್ಟಿಗೆ ಧೈರ್ಯ ಬಂದಿತ್ತು.

ಹಿಮ ಜೋರಾದರೆ ಮನೆಯಲ್ಲೇ ಮಾಡಿಕೊಳ್ಳೋಣ ಎಂದು ಒಂದು ದಿನ ಸೊಸೆಯನ್ನು ಕೇಳಿದೆ, ಇದನ್ನು ಹೇಗೆ ಮಾಡುತ್ತೀರಿ ಅಂತ. ಅವಳು ಖುಷಿಯಿಂದ ಬೆಂಚಿನ ತುದಿಯಲ್ಲೇ ಕೂತು ಹೇಳಿದಳು. ಆಲೂಗಡ್ಡೆ ಇಷ್ಟು, ಹಾಲು ಇಷ್ಟು, ಜಾಯಿಕಾಯಿ ಚೂರು. "ಗುಟ್ಟಿರೋದು ಕೊಬ್ಬಿನಲ್ಲಿ. ಅತ್ತೆ ಹಂದಿಯ ಕೊಬ್ಬು ಕಾಯಿಸಿ ಸುರಿತಾರೆ. ನಿಮ್ಮ ತಟ್ಟೆಗೆ ಬರೋ ಮುಂಚೆ ಮಾಂಸದ ಚೂರುಗಳನ್ನ ಒಂದೂ ಬಿಡದೆ ಆರಿಸಿ ತೆಗಿತಾರೆ, ನೀವು ತಿನ್ನಲ್ಲ ಅಂತ."

ಇವರ ಫೋರ್ಕು ತಟ್ಟೆಯಲ್ಲಿ ಹಾಗೇ ನಿಂತಿತು. ಎದ್ದು ಕೈಬಾಯಿ ತೊಳೆದುಕೊಳ್ಳಲು ಹೋದವರು ಬಹಳ ಹೊತ್ತು ಬರಲಿಲ್ಲ. ಅಜ್ಜಿಯದೇನು ತಪ್ಪು? ಮಾಂಸ ಬೇಡ ಅಂದೆವು, ತೆಗೆದಳು. ನಮಗೆ ಕೊಬ್ಬಿನ ವಿಷಯ ಹೇಳಬೇಕೆಂದೇ ಹೊಳೆದಿರಲಿಲ್ಲ.

ಇವರು ಬಂದು ಕೂತರು. ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಾನು ತಿನ್ನೋಳೇ ರೀ," ಅಂದೆ. "ಇದೊಂದೇ ನಿಲ್ತಿರೋದು. ಇದನ್ನೂ ಬಿಟ್ರೆ ಮಗು ಏನು ತಿನ್ನುತ್ತೆ?"

"ನಾನೇನಾದ್ರೂ ಅಂದ್ನಾ? ತಿನ್ನು."

ತಿಂದೆ. ನನಗೆ ಹೇಸಿಗೆಯಾಗಲಿಲ್ಲ ಎಂದರೆ ಸುಳ್ಳು. ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡೆ. ಆದರೆ ಮಗು ಉಳಿಯುವುದಾದರೆ ಹಂದಿಯೇನು, ಹಾವನ್ನೂ ತಿನ್ನುವ ಮೊಂಡುತನ ನನಗಿತ್ತು. ಆಮೇಲೂ ಇವರು ತಪ್ಪದೆ ಕರೆದೊಯ್ದರು. ನನ್ನೆದುರು ಕೂತು ಬರೀ ಕಪ್ಪು ಕಾಫಿ ಕುಡಿಯುತ್ತಿದ್ದರು. ರೇಗಿಸುವುದು ಮಾತ್ರ ನಿಂತುಹೋಯಿತು.

ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಎದೆಬಡಿತ ಸಿಗಲಿಲ್ಲ. ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಯಂತ್ರವನ್ನು ಹೊಟ್ಟೆಯ ಮೇಲೆ ಅಲ್ಲಿ ಇಲ್ಲಿ ಒತ್ತಿ ನೋಡಿದಳು, ಆಮೇಲೆ ಡಾಕ್ಟರಮ್ಮನನ್ನು ಕರೆಯಲು ಹೋದಳು. ಅಷ್ಟಕ್ಕೇ ನನಗೆ ಗೊತ್ತಾಯಿತು. ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಡಾಕ್ಟರಮ್ಮ ನಾನು ಕೇಳದೆಯೇ ಹೇಳಿದರು. ಆಸ್ಪತ್ರೆಯಿಂದ ಮನೆಗೆ ಬರುವಾಗ ಕಾರಿನಲ್ಲಿ ಇವರನ್ನು ಕೇಳಿದೆ, "ಅದರಿಂದ್ಲೇ ಹೀಗಾಯ್ತು ಅನ್ಸುತ್ತಾ ನಿಮ್ಗೆ?"

"ಛೇ! ಏನ್ ಮಾತಾಡ್ತೀಯ," ಅಂದರು, ರಸ್ತೆ ನೋಡುತ್ತ. ಆ ಮಾತನ್ನು ಹಿಡಿದುಕೊಂಡೇ ನಾನು ಆ ವಾರಗಳನ್ನು ಕಳೆದೆ. ಲೋಕವೆಲ್ಲ ಏನಾದರೂ ಅಂದುಕೊಳ್ಳಲಿ, ಇವರೊಬ್ಬರು ಹಾಗೆ ಅಂದುಕೊಳ್ಳದಿದ್ದರೆ ಸಾಕಿತ್ತು.

ನಮ್ಮ ಬಡಾವಣೆಯ ಕನ್ನಡದ ಆಂಟಿಯರು ಸಾರು, ಪಲ್ಯ ಹೊತ್ತು ಬಂದರು. ಎಲ್ಲವೂ ಈಗ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು, ದರಿದ್ರದ್ದು! ಅವರ ಸಮಾಧಾನದ ಮಾತು ಕೇಳಿ ಕೇಳಿ ಸಾಕಾಗಿ, ಒಂದು ಶನಿವಾರ ನಾನೇ, "ಆ ಹೋಟೆಲಿಗೆ ಹೋಗೋಣ" ಅಂದೆ. ಇವರು ಯಾಕೆಂದು ಕೇಳದೆ ಕೀಲಿ ತೆಗೆದುಕೊಂಡರು.

ಸೊಸೆ ನನ್ನನ್ನು ನೋಡಿದವಳೇ ನಗುತ್ತ ಹೊಟ್ಟೆಯ ಕಡೆ ಕಣ್ಣು ಹಾಯಿಸಿ, ನಗು ನಿಲ್ಲಿಸಿದಳು. ಸರಸರನೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಜ್ಜಿಯೇ ತಟ್ಟೆ ಹಿಡಿದು ಹೊರಗೆ ಬಂದಳು, ನನ್ನ ಮುಂದಿಟ್ಟು, ತಲೆಯ ಮೇಲೆ ಕೈಯಿಟ್ಟು ಹೋದಳು. ನಾನು ಒಂದು ತುತ್ತು ತೆಗೆದುಕೊಂಡೆ. ಕೊಬ್ಬಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಎಷ್ಟು ಪ್ರಯತ್ನಪಟ್ಟರೂ ಗಂಟಲಲ್ಲಿ ಇಳಿಯಲಿಲ್ಲ. ಪೇಪರ್ ನ್ಯಾಪ್‌ಕಿನ್ನಿಗೆ ಉಗಿದೆ. ಅಲ್ಲೇ ಅಳು ಬಂತು.

ಇವರು ನನ್ನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ನನ್ನದೇ ಫೋರ್ಕು ತೆಗೆದುಕೊಂಡು ತಿನ್ನತೊಡಗಿದರು.

"ರೀ, ಏನ್ ಮಾಡ್ತಿದೀರಿ?"

"ಇರ್ಲಿ ಬಿಡು," ಅಂದರು, ತಲೆ ಎತ್ತದೆ. ಮೂಗಿನ ತುದಿಯಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು. "ಆ ಪಾಪ ಎಲ್ಲಾ ನಿನ್ನೊಬ್ಬಳ ತಲೆ ಮೇಲೆ ಯಾಕಿರ್ಬೇಕು?"

ಪ್ರೀತಿಯಿಂದಲೇ ಹೇಳಿದ್ದರು. ತಟ್ಟೆ ಖಾಲಿಯಾಗುವವರೆಗೂ ನಾನು ಎದುರಿಗೆ ಕೂತು ನೋಡುತ್ತಿದ್ದೆ.