ಮೂರನೇ ತೂತಿಗೆ ಇಲ್ಲದ ವೈರು

ಹುಣಸೂರಿನ ಬಸ್ ನಿಲ್ದಾಣದ ಹಿಂದೆ, ಒಂದು ಮಹಡಿಯ ಮೇಲೆ, ನಾನೂ ನನ್ನ ಕಾಲೇಜಿನ ಗೆಳೆಯನೂ ಸೇರಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆವು. ಪ್ರೋಗ್ರಾಮಿಂಗ್ ಪಾಠ ನನ್ನದು, ಆಫೀಸು ಅವನದು. ಯಂತ್ರ ಕೆಟ್ಟರೆ ಮೈಸೂರಿನಿಂದ ಒಬ್ಬರು ಬರುತ್ತಿದ್ದರು. ಅವರು ಬರುವವರೆಗೆ ಅದರ ಮೇಲೊಂದು ಬಟ್ಟೆ ಹೊದಿಸಿಡುತ್ತಿದ್ದೆ. ಅದು ನನ್ನ ವಿಷಯವಲ್ಲ ಅಂದುಕೊಂಡಿದ್ದೆ.

ಆಯುಧಪೂಜೆಯ ಬೆಳಿಗ್ಗೆ ಗೆಳೆಯ ನೆಲ ತೊಳೆದಿದ್ದ. ನೀರು ಇನ್ನೂ ಆರಿರಲಿಲ್ಲ. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಯಾರೂ ಬರಬಾರದೆಂಬುದು ಆಗ ಎಲ್ಲ ಕಡೆಯ ನಿಯಮ. ಇಬ್ಬರೂ ಬರಿಗಾಲಲ್ಲಿದ್ದೆವು.

"ಪೂಜೆಗೆ ಮುಂಚೆ ಕಂಪ್ಯೂಟರ್ ಆರಿಸಿಬಿಡೋಣ್ವೇನೋ?" ಅಂದೆ.

"ಸುಮ್ಕಿರ್ಲಾ. ಲಾರಿಯೋರು ಇಂಜಿನ್ ಸ್ಟಾರ್ಟ್ ಮಾಡೇ ಆರತಿ ಎತ್ತೋದು. ಆರಿಸಿ ಪೂಜೆ ಮಾಡಿದ್ರೆ ವರ್ಸವೆಲ್ಲ ಅಂಗೇ ಮಲೀಕತ್ತದೆ ಕಣ್ಲಾ."

ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲಿ ಕುಳಿತು ವಿಭೂತಿಯನ್ನು ನೀರಲ್ಲಿ ಕಲಸಿಕೊಂಡ. ಪೆಟ್ಟಿಗೆ ಜರುಗದಂತೆ ಎಡಗೈಯಲ್ಲಿ ಅದರ ಹಿಂದಿನ ತಗಡನ್ನು ಹಿಡಿದು, ಬಲಗೈಯ ಮೂರು ಬೆರಳನ್ನು ಅದರ ಮುಂಭಾಗದ ಮೇಲೆ ಎಳೆದ. ಗೆರೆ ಪೂರ್ತಿಯಾಗಲಿಲ್ಲ. ಗಂಟಲಿನಿಂದ ಏನೋ ಬಂತು, ಅದು ಮಾತಲ್ಲ. ಎಡಗೈ ತಗಡನ್ನು ಬಿಡಲಿಲ್ಲ.

ಅವನ ಭುಜ ಹಿಡಿದೆಳೆಯಲು ಓಡಿದೆ. ಒದ್ದೆ ನೆಲದ ಮೇಲೆ ಕಾಲು ಜಾರಿ ಬಾಗಿಲ ಪಕ್ಕ ಬಿದ್ದೆ. ತಲೆ ಎತ್ತಿದರೆ ಮೇನ್ ಸ್ವಿಚ್ಚಿನ ಹಿಡಿ. ಎಳೆದೆ. ಅವನು ಕುರ್ಚಿಯ ಸಮೇತ ಹಿಂದಕ್ಕೆ ಉರುಳಿದ.

ಬದುಕಿದ. ಅಂಗೈ ಸುಟ್ಟಿತ್ತು, ಅಷ್ಟೇ. ಆದರೆ ನನಗೆ ಆ ಓಟ ಮುಗಿದೇ ಇಲ್ಲ. ಪಾಠ ಮಾಡುವಾಗ, ಊಟಕ್ಕೆ ಕುಳಿತಾಗ, ಮನಸ್ಸಿನಲ್ಲೇ ಮತ್ತೆ ಓಡುತ್ತೇನೆ. ಕೆಲವು ಸಲ ಜಾರುವುದೇ ಇಲ್ಲ. ಕೈ ಅವನ ಭುಜವನ್ನು ಮುಟ್ಟಿಬಿಡುತ್ತದೆ. ಆಗ ನಾನೂ ಅಂಟಿಕೊಳ್ಳುತ್ತೇನೆ, ಸ್ವಿಚ್ಚು ಎಳೆಯಲು ಯಾರೂ ಇರುವುದಿಲ್ಲ.

ಗೋಡೆಯ ಬೋರ್ಡು ಬಿಚ್ಚಿಸಿ ನೋಡಿದಾಗ ಪ್ಲಗ್ ಪಾಯಿಂಟಿನ ಮೂರನೇ ತೂತಿಗೆ, ಅಂದರೆ ಅರ್ತಿಂಗಿನ ತೂತಿಗೆ, ವೈರೇ ಇರಲಿಲ್ಲ. ತಗಡಿಗೆ ಹರಿದ ಕರೆಂಟು ಭೂಮಿಗೆ ಇಳಿಯಲು ದಾರಿಯೇ ಇರಲಿಲ್ಲ. ಈ ಕರೆಂಟಿನ ಕೆಲಸವನ್ನು ನಾನೇ ಕಲಿಯುವವರೆಗೆ ಕೇಂದ್ರ ತೆರೆಯುವುದಿಲ್ಲ ಅಂದೆ.

"ನಿಂಗ್ಯಾಕ್ಲಾ ಲೈನ್‌ಮನ್ ಕೆಲ್ಸ? ಉಡುಗ್ರು ಬೇರೆ ಕಡೆ ಸೇರ್ಕತಾ ಅವ್ರೆ," ಎಂದು ಅವನು ರೇಗಿದ.

ಕೆ.ಆರ್. ನಗರದ ಮೋಟಾರ್ ವೈಂಡಿಂಗ್ ಅಂಗಡಿಯೊಂದಕ್ಕೆ ದಿನಾ ಹೋದೆ. "ಡಿಗ್ರಿ ಮಾಡಿರೋರು ತಾಮ್ರ ಸುತ್ತೋಕ್ ಬಂದವ್ರೆ," ಎಂದು ಅಲ್ಲಿಯವರು ನಗುತ್ತಿದ್ದರು. ವೈರಿಂಗ್ ಕಲಿತೆ, ಯಂತ್ರ ಬಿಚ್ಚಿ ಜೋಡಿಸುವುದನ್ನು ಕಲಿತೆ. ಕೇಂದ್ರದ ಹಿತ್ತಲಲ್ಲಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿ, ಕೊಳವೆ ಹೂಳಿ, ಅಲ್ಲಿಂದ ಮೂರನೇ ತೂತಿಗೆ ವೈರು ಎಳೆದೆ. ಕರೆಂಟಿನ ತೂತಿಗೂ ಮೂರನೇ ತೂತಿಗೂ ನಡುವೆ ಬಲ್ಬು ಹಚ್ಚಿ, ಭೂಮಿಗೆ ದಾರಿಯಾಗಿದೆಯೇ ಎಂದು ಪರೀಕ್ಷಿಸಿದೆ. ಉರಿಯಿತು. ನಂಬಿಕೆಯಾಗದೆ ಮತ್ತೆ ಹಚ್ಚಿದೆ. ಆಮೇಲೆ ಅದೇ ಕಂಪ್ಯೂಟರನ್ನು ಆನ್ ಮಾಡಿದೆ.

"ಮೊದ್ಲು ನೀ ಮುಟ್ಲಾ," ಅಂದ ಗೆಳೆಯ.

ಮುಟ್ಟಿದೆ. ಏನೂ ಆಗಲಿಲ್ಲ. ಆಮೇಲೆ ಅವನು ಸುಟ್ಟಿದ್ದ ಆ ಎಡಗೈಯನ್ನೇ ತಗಡಿನ ಮೇಲೆ ಊರಿದ.

"ಏನೂ ಇಲ್ಲ ಕಣ್ಲಾ. ತಣ್ಣಗೈತೆ."

"ಸರಿ, ಕೈ ತೆಗಿ."

"ಇರ್ಲಿ ಬುಡು."

"ತೆಗಿಯೋ!" ಎಂದು ಕೂಗಿಬಿಟ್ಟೆ.