ಮದುವೆ ಸೀರೆಯ ಗಂಜಿ

ದೆವ್ವ, ಗಾಳಿ, ಮೈಮೇಲೆ ಬರುವುದು, ಇವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಇಂಥ ಕಥೆ ಹೇಳುವವರ ಎದುರಿಗೇ ನಕ್ಕುಬಿಡುತ್ತಿದ್ದೆ. ಬೆಟಗೇರಿಯ ನಮ್ಮ ಓಣಿಯಲ್ಲಿ ನನಗೆ ಮೂಗಿನ ಮೇಲೆ ಸಿಟ್ಟಿನವಳು ಎಂದು ಹೆಸರು. ಖರೆ ಹೇಳಬೇಕೆಂದರೆ ಆ ಮೂಗಿನ ಮೇಲೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚು ಕೂತಿತ್ತು. ಬೇರೆಯವರು ತೊಳೆದಿಟ್ಟ ಲೋಟವನ್ನು ನಾನು ಮತ್ತೊಮ್ಮೆ ತೊಳೆಯದೆ ನೀರು ಕುಡಿದವಳಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ನೀವು ಇವಳದು ಅತಿಯಾಯಿತು ಎನ್ನಬಹುದು. ಅನ್ನಿ. ಬಹಳ ವರ್ಷ ನಾನೂ ಹಾಗೆಯೇ ಅಂದುಕೊಂಡು ಸಮಾಧಾನ ಮಾಡಿಕೊಂಡೆ.

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ನನಗೆ ಲಕ್ಷ್ಮೇಶ್ವರದ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ನಮ್ಮದು ನೇಕಾರರ ಮನೆ. ಅಕ್ಕಿಕಾಳು ಹಾಕುವ, ಅಂದರೆ ಮುಹೂರ್ತದ ಹೊತ್ತಿಗೆ ಮದುಮಗಳು ಅಂಗಡಿಯ ಸೀರೆ ಉಡುವ ಪದ್ಧತಿ ನಮ್ಮಲ್ಲಿಲ್ಲ. ಮನೆಯ ಮಗ್ಗದ್ದೇ ಆಗಬೇಕು, ತಾಯಿಯೇ ನೇಯಬೇಕು, ನೇಯುವಾಗ ಹಾಸಿನ, ಅಂದರೆ ಉದ್ದ ನೂಲಿನ ಒಂದು ಎಳೆಯೂ ಹರಿಯಬಾರದು. ಹರಿದರೆ ಮಗಳ ಸಂಸಾರಕ್ಕೆ ಒಳ್ಳೆಯದಲ್ಲ ಎಂದು ಹಿರಿಯರ ಹೆದರಿಕೆ. ಅವ್ವನ ಕಣ್ಣು ಆಗಲೇ ಮಂಜಾಗಿತ್ತು. ಇದು ತಾನು ನೇಯುವ ಕೊನೆಯ ಸೀರೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅದೇ ಬೇಸಿಗೆಯಲ್ಲಿ ಅಣ್ಣ ಒಂದು ಕೆಲಸ ಹಚ್ಚಿಕೊಂಡಿದ್ದ. ಅವನು ಗದುಗಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ. ಅಲ್ಲಿಯ ಪ್ರೊಫೆಸರರೊಬ್ಬರು ಹಳೆಯ ಕಾಲದ ಬಗ್ಗೆ ಏನೋ ಸಂಶೋಧನೆ ನಡೆಸಿದ್ದರು. ಕೆಲಸಕ್ಕೆ ಒಂದೇ ಸಮನೆ ಸಣ್ಣ ಉರಿ ಬೇಕು, ರಜೆಯಲ್ಲಿ ಕಾಲೇಜಿನ ಕರೆಂಟಿಗೆ ನೆಚ್ಚಿಕೆಯಿಲ್ಲ. ಹೀಗಾಗಿ ಗಾಜಿನ ಪಾತ್ರೆಯೊಂದನ್ನು ಮನೆಗೇ ತಂದು, ಹಿತ್ತಲ ಒಲೆಯ ಮೇಲೆ ಬಿಸಿನೀರಿನ ಬೋಗುಣಿಯೊಳಗಿಟ್ಟು ಕಾಯಿಸುತ್ತ ಕೂತ. ಒಳಗಿದ್ದದ್ದು ತಿಳಿಹಳದಿ ಲೋಳೆ. ಆರಿದ ಮೇಲೆ ಅಲುಗಾಡಿಸಿದರೆ ಗದಗದ ನಡುಗುತ್ತಿತ್ತು. ನಾನು ನೋಡಿ ಮುಖ ತಿರುಗಿಸಿದೆ. ಆದರೆ ಒಂದು ಮಾತು ನೆನಪಿಡಿ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆ ಇರಲಿಲ್ಲ. ನನ್ನ ಮೂಗಿಗೇ ಬರಲಿಲ್ಲವೆಂದರೆ ಇರಲಿಲ್ಲ ಎಂದೇ ಅರ್ಥ.

"ಏನಪಾ ಅದು?" ಎಂದು ಅವ್ವ ಕೇಳಿದಳು.

"ಅಂಟು ಬೇ, ಹಳೀ ಕಾಲದ್ದು" ಎಂದ ಅಣ್ಣ.

ತನಗೆ ಬೇಕಾದಷ್ಟನ್ನು ಒಣಗಿಸಿ ಶೀಶೆಯಲ್ಲಿ ಹಾಕಿಕೊಂಡು, ಉಳಿದದ್ದನ್ನು ಆಮೇಲೆ ಚೆಲ್ಲಿದರಾಯಿತೆಂದು ಗೂಡಿನಲ್ಲಿಟ್ಟು ಕಾಲೇಜಿಗೆ ಹೋದ. ಅವ್ವ ಏನನ್ನೂ ಚೆಲ್ಲಗೊಡುವವಳಲ್ಲ. ಮರುದಿನ ಬೆಳಿಗ್ಗೆ ಓಣಿಯಲ್ಲಿ ನನ್ನ ಸೀರೆಯ ಹಾಸನ್ನು ಉದ್ದಕ್ಕೆ ಚಾಚಿ ನೂಲಿಗೆ ಗಂಜಿ ಹಚ್ಚುವುದಿತ್ತು. ನಾನು ಗಂಜಿ ತಿರುವುತ್ತಿದ್ದೆ. ಅವ್ವ ಆ ಲೋಳೆಯನ್ನು ತಂದು ಅದರೊಳಗೆ ಸುರುವಿದಳು. "ಅಂಟು ಬಿದ್ರ ಎಳಿ ಗಟ್ಟಿ ಆಕ್ಕಾವ. ನಮ್ಮಪ್ಪನೂ ಹಾಕ್ತಿದ್ದ" ಎಂದಳು. ಅಣ್ಣ ಆ ಸಂಜೆ ಬಂದು ತೊಳೆದಿಟ್ಟ ಪಾತ್ರೆ ನೋಡಿ, ಚೆಲ್ಲಿರಬೇಕು ಎಂದುಕೊಂಡು ಸುಮ್ಮನಾದ. ಅವ್ವ ಹೇಳಿದಂತೆಯೇ ಆಯಿತು. ಹಾಸಿನ ಒಂದೆಳೆಯೂ ಹರಿಯಲಿಲ್ಲ. ದಾಳಿಂಬೆ ಬಣ್ಣದ ಆ ಸೀರೆಯನ್ನು ಮಗ್ಗದಿಂದ ಇಳಿಸುವಾಗ ಅವ್ವ ಅತ್ತಳು.

ಮದುವೆಯ ದಿನ, ಹಾಡಹಗಲು, ಮನೆ ತುಂಬ ಜನ. ನಿರಿಗೆ ಹಿಡಿದು ಸೆರಗು ಹೆಗಲಿಗೆ ಹಾಕಿಕೊಂಡದ್ದೇ ತಡ, ಮೂಗಿಗೆ ಬಡಿಯಿತು. ಮೀನು. ಸಂತೆಯಲ್ಲಿ ದೂರದಿಂದ ಬರುವ ವಾಸನೆಯಲ್ಲ, ಮುಖಕ್ಕೇ ಒತ್ತಿ ಹಿಡಿದಂತೆ. ಹೊಳೆಯ ಕೆಸರು, ಕೆಂಡದ ಮೇಲೆ ಸೀಯುತ್ತಿರುವ ಮೀನಿನ ಚರ್ಮ, ಬೆರಳಿಗೆ ಮೆತ್ತಿದ ಜಿಡ್ಡು. ಮೀನು ತಿನ್ನುವವರು ಸಿಟ್ಟಾಗಬೇಡಿ, ನಿಮ್ಮ ಊಟ ನಿಮಗೆ ರುಚಿ. ನಮ್ಮದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ. ನಾಲಿಗೆಯ ಮೇಲೆ ಅದರ ಮುಳ್ಳು ಚುಚ್ಚಿದಂತಾಯಿತು. ಬೆರಳು ಹಾಕಿ ತಡಕಾಡಿದೆ, ಏನೂ ಇಲ್ಲ. ಪಕ್ಕದವರನ್ನು ಕೇಳಿದೆ. ಅವರ ಮೂಗಿಗೆ ಮಲ್ಲಿಗೆ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಹಂದರದ ತನಕ ಹಲ್ಲು ಕಚ್ಚಿ ನಡೆದೆ. ಅಲ್ಲಿ ತಡೆಯಲಾಗಲಿಲ್ಲ. ಬೀಗರೆದುರಿಗೇ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಕಾರಿಕೊಂಡೆ. ಓಲಗದವರು ಕೂಡ ನಿಲ್ಲಿಸಿದರು. ಹುಡುಗನ ಸೋದರತ್ತೆ, ಆ ಮನೆಯ ದೊಡ್ಡ ಹೆಂಗಸು, ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದಳು. "ಎಷ್ಟನೇ ತಿಂಗಳಂತ?" ಎಂದು ಅವ್ವನಿಗೆ ಕೇಳುವಂತೆಯೇ ಅಂದಳು. ಹಂದರದ ತುಂಬ ಪಿಸುಪಿಸು ಹರಿದಾಡಿತು. ಅವ್ವನ ಮುಖ ಬೂದಿಯಾಯಿತು.

ನನ್ನನ್ನು ಒಳಗೆ ಎಳೆದುಕೊಂಡು ಹೋದರು. ಸೀರೆ ಬಿಚ್ಚಿ ಮೂಲೆಗೆ ಒಗೆದೆ. ಒಗೆದ ಗಳಿಗೆಯಲ್ಲೇ ವಾಸನೆ ನಿಂತಿತು. ಮತ್ತೆ ಅದನ್ನು ಮೈಮೇಲೆ ಹಾಕಿಕೊಳ್ಳುವುದಿಲ್ಲ ಎಂದು ಹಟ ಹಿಡಿದೆ. ಅವ್ವ ಅದನ್ನೆತ್ತಿ ಎದೆಗೆ ಹಿಡಿದುಕೊಂಡು, "ನಾ ನೇದ ಸೀರಿ ನಿನಗ ಹೇಸಿಗಿ ಆತೇನವಾ?" ಎಂದಳು. ಅಂಗಡಿಯ ಸೀರೆಯಲ್ಲೇ ಅಕ್ಕಿಕಾಳು ಬಿತ್ತು. ಹುಡುಗ ಗಟ್ಟಿಯಾಗಿ ನಿಂತದ್ದಕ್ಕೆ ಮದುವೆ ಉಳಿಯಿತು. ಸೋದರತ್ತೆ ಮಾತ್ರ ಲಕ್ಷ್ಮೇಶ್ವರದಲ್ಲಿ ತಿಂಗಳುಗಟ್ಟಲೆ ನನ್ನ ಹೊಟ್ಟೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಅವ್ವನ ಆ ಪ್ರಶ್ನೆ ಅದಕ್ಕಿಂತ ಹೆಚ್ಚು ಸುಟ್ಟಿತು.

ವರ್ಷ ಕಳೆದ ಮೇಲೆ ಅಣ್ಣ ನಮ್ಮ ಮನೆಗೆ ಬಂದ. ಬಹಳ ಖುಷಿಯಲ್ಲಿದ್ದ. ಹೊರದೇಶದ ಪ್ರಯೋಗಾಲಯದಿಂದ ಅವರ ಸಂಶೋಧನೆಯ ಫಲಿತಾಂಶ ಬಂದಿತ್ತು. ಮುಂಡರಗಿ ಕಡೆ ಹೊಳೆದಂಡೆಯ ಹೊಲದಲ್ಲಿ, ಇತಿಹಾಸ ಶುರುವಾಗುವುದಕ್ಕೂ ಹಿಂದಿನ ಕಾಲದ ಒಂದು ಹೂಳಿದ ಗಡಿಗೆ ಸಿಕ್ಕಿತ್ತಂತೆ. ಅದರೊಳಗಿನದರಿಂದ ಆ ಕಾಲದ ಜನ ಏನು ತಿನ್ನುತ್ತಿದ್ದರೆಂದು ಕಂಡುಹಿಡಿದಿದ್ದರು.

"ಗಡಿಗ್ಯಾಗ ಏನಿತ್ತು?" ಎಂದೆ.

"ಎಲುಬು. ಮನಿಷ್ಯಾರ ಎಲುಬು. ನಾ ಹಿತ್ತಲದಾಗ ಕಾಸಿದ್ದು ಅದನ್ನ. ಮದುವಿ ಮನ್ಯಾಗ ಹೆಂಗ ಹೇಳಬೇಕಿತ್ತು ತಂಗಿ?"

ನಾನು ಚಹಾದ ಕಪ್ಪು ಕೆಳಗಿಟ್ಟೆ. ಅಣ್ಣ ಹುರುಪಿನಲ್ಲಿ ಹೇಳುತ್ತಲೇ ಹೋದ. ಎಲುಬಿನ ಸುಣ್ಣವನ್ನು ಆಮ್ಲದಲ್ಲಿ ಕರಗಿಸಿದರೆ ಪ್ರೋಟೀನು ಉಳಿಯುತ್ತದೆ, ಅದೇ ಆ ಲೋಳೆ. ಉಂಡ ಅನ್ನದ ಗುರುತು ಅದರಲ್ಲಿ ಉಳಿದಿರುತ್ತದೆ. ಸಾರಜನಕದಲ್ಲಿ ಹಗುರವಾದ ಪರಮಾಣು ಮತ್ತು ಭಾರದ್ದು ಎಂದು ಎರಡು ಬಗೆ, ಸಮಸ್ಥಾನಿಗಳು ಎಂದು ಅವಕ್ಕೆ ಹೆಸರು. ಬರೀ ಕಾಳುಕಡಿ ತಿಂದವರಲ್ಲಿ ಭಾರದ್ದು ಕಡಿಮೆ.

"ಇದರಾಗ ಭಾಳ ಹೆಚ್ಚೈತಿ. ಇಂವ ಹೊಲದಾಗಿನ ಕಾಳು ತಿಂದು ಬದುಕಿದಂವ ಅಲ್ಲ. ಹೊಳಿ ಮೀನು ತಿಂದು ಬದುಕಿದಂವ" ಎಂದ.

ಅವ್ವ ಗಂಜಿಗೆ ಸುರುವಿದ್ದನ್ನು ಆಗ ಹೇಳಿದೆ. ಮದುವೆಯ ದಿನ ಮೂಗಿಗೆ ಬಂದದ್ದನ್ನೂ ಹೇಳಿದೆ. ಅಣ್ಣ, ಆ ಗುರುತು ಇರುವುದು ಪರಮಾಣುಗಳ ತೂಕದಲ್ಲಿ, ಅದಕ್ಕೆ ವಾಸನೆ ಇರುವುದಿಲ್ಲ, ಇರಲು ಸಾಧ್ಯವೇ ಇಲ್ಲ ಎಂದ. ಒಗೆಯುವಾಗ ಎರಡು ನೀರು ಬಿದ್ದರೆ ಗಂಜಿಯೇ ಉಳಿಯುವುದಿಲ್ಲ ಎಂದೂ ಹೇಳಿದ. ನಾನು ಹಿತ್ತಲಿಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡೆ. ಆ ಗಂಜಿ ತಿರುವಿದ ಕೈ ಇದೇ. ಹೆಣವೊಂದನ್ನು ಕುದಿಸಿ, ನೂಲಿಗೆ ಬಳಿದು, ಅರಿಸಿನ ಹಚ್ಚಿದ ಮೈಗೆ ಸುತ್ತಿಕೊಂಡಿದ್ದೆ. ಅವ್ವನಿಗೆ ಹೇಳುವುದು ಬೇಡವೆಂದು ನಾವಿಬ್ಬರೂ ಒಪ್ಪಿಕೊಂಡೆವು. ತನ್ನ ಕೈಯಿಂದಲೇ ಆದದ್ದೆಂದು ತಿಳಿದರೆ ಅವಳು ತಡೆದುಕೊಳ್ಳುತ್ತಿರಲಿಲ್ಲ.

ಅವ್ವನ ಕಣ್ಣು ಪೂರ್ತಿ ಹೋಯಿತು. ತವರಿಗೆ ಹೋದಾಗಲೆಲ್ಲ "ಆ ಸೀರಿ ಒಮ್ಮೆರ ಉಡವಾ" ಎನ್ನುತ್ತಿದ್ದಳು. ಕೊನೆಗೆ ಒಂದು ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿದೆ. ಎರಡಲ್ಲ, ಹತ್ತು ನೀರಿನಲ್ಲಿ ಒಗೆದು ಒಣಗಿಸಿದ್ದ ಅದನ್ನು ಉಟ್ಟು ಅವಳ ಪಕ್ಕ ಕೂತೆ. ಅವ್ವ ಸೆರಗಿನ ತುದಿ ಹಿಡಿದು ಅಂಚನ್ನು ಸವರುತ್ತ ನಕ್ಕಳು. ಮದುವೆಯ ದಿನದಿಂದ ನಾನು ಕಾಣದಿದ್ದ ನಗೆ ಅದು.

ವಾಸನೆ ಬಂತು. ಅದೇ ಕೆಸರು, ಅದೇ ಕೆಂಡ. ಯಾರಿಗೂ ಹೇಳದ ಮಾತೊಂದನ್ನು ಈಗ ಹೇಳುತ್ತೇನೆ. ಈ ಸಲ ಹೊಟ್ಟೆ ತೊಳಸಲಿಲ್ಲ. ಬಾಯಲ್ಲಿ ನೀರೂರಿತು, ಹಸಿದವರಿಗೆ ಊರುವಂತೆ. ನುಂಗಿದೆ, ಮತ್ತೆ ಊರಿತು. ಸೀರೆಯ ಮೇಲಿದ್ದ ಹೇಸಿಗೆಯೆಲ್ಲ ನನ್ನ ನಾಲಿಗೆಯ ಮೇಲೇ ಬಂದು ಕೂತಿತು.

ಕಣ್ಣಿಲ್ಲದ ಅವ್ವನ ಕಿವಿ ಚುರುಕಾಗಿತ್ತು. "ಯಾಕವಾ, ಬರೇ ಗುಟುಕರಸಾಕತ್ತಿ? ಹಸಿವ್ಯಾಗೇತೇನು?" ಎಂದಳು.

ಆಗ ತಾನೇ ಹೊಟ್ಟೆ ತುಂಬ ಉಂಡಿದ್ದೆ. ಆದರೂ ಹೌದೆಂದೆ. ಅವಳು ತಡಕಾಡುತ್ತ ಎದ್ದು ರೊಟ್ಟಿ, ಬದನೆಕಾಯಿ ಪಲ್ಯ ತಂದುಕೊಟ್ಟು, ಮತ್ತೆ ಸೆರಗು ಹಿಡಿದು ಕೂತಳು. ಅವಳ ಕೈ ಸೆರಗಿನ ಮೇಲಿರುವ ತನಕ ತಿನ್ನುತ್ತಲೇ ಇದ್ದೆ. ಹಸಿವು ಹೋಗಲಿಲ್ಲ.