ಹಸಿರು ಶಾಯಿಯ ಸಹಿ

2006ನೇ ಇಸವಿ. ಹೈದರಾಬಾದಿನಲ್ಲಿ ಯಾರನ್ನು ಮಾತಾಡಿಸಿದರೂ ಸಾಫ್ಟ್‌ವೇರ್ ಜಪ. ಮದುವೆಯಾಗಿ ಮೈಸೂರಿನಿಂದ ಬಂದಿದ್ದ ನನ್ನ ಕೈಲಿದ್ದದ್ದು ಸಸ್ಯಶಾಸ್ತ್ರದ ಪಿಎಚ್.ಡಿ. ಎರಡು ವರ್ಷ ಅರ್ಜಿ ಹಾಕಿದರೂ ಕೆಲಸ ಸಿಕ್ಕಿರಲಿಲ್ಲ. ಮಾದಾಪುರದಲ್ಲಿ ಎಂಜಿನಿಯರಾಗಿದ್ದ ನನ್ನ ಗಂಡ, ನಾರಾಯಣಗೂಡದ ಕಂಪ್ಯೂಟರ್ ಕೋಚಿಂಗಿಗೆ ನನ್ನ ಹೆಸರು ಬರೆಸಿಯೂ ಆಗಿತ್ತು. ಸೋಮವಾರದಿಂದ ತರಗತಿ. ಅದರ ಹಿಂದಿನ ಶುಕ್ರವಾರ ತಾರ್ನಾಕದ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಹುದ್ದೆಯೊಂದಕ್ಕೆ ನೇರ ಸಂದರ್ಶನವಿತ್ತು. ನನ್ನ ಓದಿಗೆ ಅದೇ ಕೊನೆಯ ಅವಕಾಶ.

ಹತ್ತೂವರೆಗೆ ಹೋದೆ. ಗುಮಾಸ್ತರು ನನ್ನ ಅಂಕಪಟ್ಟಿಗಳ ಜೆರಾಕ್ಸ್ ತಿರುವಿ ಹಾಕಿ, “ಗೆಜೆಟೆಡ್ ಆಫೀಸರ್ ಸೈನ್ ಏದಮ್ಮಾ?” ಎಂದು ತೆಲುಗಿನಲ್ಲಿ, ಸಹಿ ಎಲ್ಲಿ ಎಂದು ಕೇಳಿದರು. ಎಲ್ಲ ಪ್ರತಿಗಳ ಮೇಲೂ ನಾನೇ ‘ಡಾ.’ ಎಂದು ಸೇರಿಸಿ ಠೀವಿಯಿಂದ ಸಹಿ ಹಾಕಿಕೊಂಡು ಬಂದಿದ್ದೆ! ಪಿಎಚ್.ಡಿ. ಆದವಳ ಸಹಿ ನಡೆಯುತ್ತದೆ ಎಂಬ ಜಂಬ. ಹನ್ನೆರಡರೊಳಗೆ ಸರ್ಕಾರಿ ಅಧಿಕಾರಿಯ ಸಹಿ, ಸೀಲು ಇಲ್ಲದಿದ್ದರೆ ಹೆಸರು ಬರೆದುಕೊಳ್ಳುವುದಿಲ್ಲ ಎಂದುಬಿಟ್ಟರು.

ಹೊರಗೆ ಬಂದು ಗಂಡನಿಗೆ ಫೋನು ಮಾಡಿದೆ. “ಹೋಗಲಿ ಬಿಡೇ, ಸೋಮವಾರದಿಂದ ಕೋಚಿಂಗ್ ಇದೆಯಲ್ಲ” ಎಂದರು. ಅಳು ತಡೆಯಲಾಗಲಿಲ್ಲ.

ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಬಂದಳು. “ಕನ್ನಡದವರೇನ್ರಿ ಅಕ್ಕಾ? ಯಾಕ ಅಳಾಕತ್ತೀರಿ?”

ಯಾದಗಿರಿ ಕಡೆಯ ಮಲ್ಲಮ್ಮ. ಹೇಳಿದ್ದನ್ನೆಲ್ಲ ಕೇಳಿ, “ಹಸಿರು ಪೆನ್ನಿನ ಸಹಿ ಬೇಕಲ್ರೀ? ನಮ್ಮ ರೇಷನ್ ಕಾರ್ಡಿನ ಫಾರಮಿಗೆ ದನದ ದವಾಖಾನಿ ಡಾಕ್ಟರ್ ಸಾಹೇಬ್ರೇ ಮಾಡಿಕೊಟ್ಟಾರ. ಭಾಳ ಒಳ್ಳೆಯವರು. ನಡೀರಿ” ಎಂದಳು.

“ನಿಮ್ಮ ಕೆಲಸ?”

“ಮೇಸ್ತ್ರಿ ಬೈತಾನ. ಬೈಲಿ ಬಿಡ್ರಿ, ದಿನಾ ಬೈತಾನ.”

ಓಡುನಡಿಗೆಯಲ್ಲೇ ನಾನು ಏನು ಓದಿದ್ದೇನೆಂದು ಕೇಳಿದಳು. ಜೋಳದ ಕಾಳನ್ನು ಕಪ್ಪು ಪುಡಿಯಾಗಿಸುವ ‘ಕಾಡಿಗೆ ರೋಗ’ ಎಂದೆ. “ಅಷ್ಟಕ್ಕ ಇಷ್ಟು ವರ್ಷ ಓದಬೇಕೇನ್ರಿ? ತೆನಿ ಕಿತ್ತು ಸುಟ್ಟರಾತು!” ಎಂದಳು. ಐದು ವರ್ಷ ತಲೆ ಕೆಡಿಸಿಕೊಂಡಿದ್ದ ನನಗೆ ಆ ಗಡಿಬಿಡಿಯಲ್ಲೂ ನಗು ಬಂತು.

ಡಾಕ್ಟರು ಎಮ್ಮೆಗೆ ಸೂಜಿ ಹಾಕಿ, ಕೈ ತೊಳೆದು ಬಂದರು. ಮೂಲಪ್ರತಿಗಳನ್ನು ಒಂದೊಂದಾಗಿ ನೋಡಿದರು. ನನ್ನ ಸಹಿ ಕಂಡು ನಕ್ಕು, ಹಿಂದಿಯಲ್ಲಿ, “ನೀವೂ ಡಾಕ್ಟರ್, ನಾನೂ ಡಾಕ್ಟರ್. ಸೀಲು ಮಾತ್ರ ನನ್ನ ಹತ್ತಿರ ಇದೆ” ಎಂದು ಅದರ ಪಕ್ಕದಲ್ಲೇ ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಗುಮಾಸ್ತರ ಮುಂದೆ ನಿಂತಿದ್ದೆ. ಹೆಸರು ಬರೆದುಕೊಂಡರು.

ಕೆಲಸ ಸಿಕ್ಕಿತು. ಸೇರಿದ ದಿನವೇ ಮೈಸೂರುಪಾಕು ಹಿಡಿದು ಮಲ್ಲಮ್ಮನನ್ನು ಹುಡುಕಿಕೊಂಡು ಹೋದೆ. ಆಕೆ ಒಂದು ತುಂಡು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಮಗಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಳು. “ಈಗ ನಿಮ್ಮ ಸಹಿ ನಡೀತೈತೇನ್ರಿ?”

“ಇನ್ನೂ ಇಲ್ಲ ಮಲ್ಲಮ್ಮ.”

“ನಡಿಯೋ ಕಾಲಕ್ಕ ನನ್ನ ಮಗಳ ಫಾರಂ ತರ್ತೀನಿ, ನೋಡ್ರಿ” ಎಂದು ನಕ್ಕಳು.

ಆ ಕಟ್ಟಡ ಮುಗಿಯಿತು, ಅವರ ಗುಂಪು ಎಲ್ಲಿಗೋ ಹೋಯಿತು. ಐದು ವರ್ಷದ ನಂತರ ನಾನು ಸರ್ಕಾರಿ ಕಾಲೇಜಿನ ಅಧ್ಯಾಪಕಿಯಾದೆ, ನನ್ನ ಸಹಿಯೂ ನಡೆಯತೊಡಗಿತು. ಫಾರಂ ಹಿಡಿದು ಬಂದ ಯಾರಿಗೂ ನಾನು ಇವತ್ತಿನವರೆಗೆ ‘ನಾಳೆ ಬಾ’ ಎಂದಿಲ್ಲ. ಹುಡುಗಿಯರು ಬಂದರೆ ಸಹಿಗೆ ಮೊದಲು ತಾಯಿಯ ಹೆಸರು ಓದುತ್ತೇನೆ. ಮಲ್ಲಮ್ಮನ ಮಗಳು ಇನ್ನೂ ಬಂದಿಲ್ಲ.